ಅಕ್ಕ ತಿದ್ದಿದ ಸಾಲು

ಬಲಗೈ ಹೆಬ್ಬೆರಳಿನ ಕೀಲು ಬೆಳಗಿನ ಹೊತ್ತು ಮಡಚುವುದೇ ಇಲ್ಲ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟುಕೊಂಡರೆ ಸಡಿಲಾಗುತ್ತದೆ. ಆಮೇಲೆ ಶಾಲೆಗೆ ಹೋಗಿ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ತ್ರಿಕೋನ, ವೃತ್ತ ಎಳೆಯಬಹುದು. ಕಾರ್ಯಕ್ರಮವಿದ್ದರೆ ಸಂಜೆ ಗಿಟಾರಿನ ದಪ್ಪ ತಂತಿ ಮೀಟಬಹುದು. "ಖಡು ಇಲ್ಲಾ ಗಿಟಾರ್, ಎರಡರಾಗ ಒಂದ ಬಿಡ್ರಿ ಟೀಚರ್" ಎಂದರು ವಿಜಯಪುರದ ಡಾಕ್ಟರು. ಎರಡನ್ನೂ ಬಿಟ್ಟುಬಿಡುವಷ್ಟು ದಣಿದಿದ್ದೇನೆ ಎಂದು ಅವರಿಗೆ ಹೇಳಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ತವರು ಇಂಡಿ. ಮೊದಲ ನೌಕರಿ ಸಿಂದಗಿಯಲ್ಲಿ, ಅಲ್ಲಿಂದ ಮುದ್ದೇಬಿಹಾಳಕ್ಕೆ ವರ್ಗ, ಈಗ ಬಸವನ ಬಾಗೇವಾಡಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಬೇಸತ್ತು ಬಿಟ್ಟಿದ್ದಾರೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಗಿಟಾರನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ಸೊಲ್ಲಾಪುರ, ಕಲಬುರಗಿ, ಕೆಲವು ಸಲ ಪುಣೆ. ಸೀಟು ಸಿಕ್ಕರೆ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಳ್ಳುವುದು, ಸಿಗದಿದ್ದರೆ ಡ್ರೈವರನ ಹಿಂದಿನ ಕಂಬಿಗೆ ಆನಿಸಿ ನಿಲ್ಲಿಸಿ ಒಂದು ಕೈಯಲ್ಲಿ ಹಿಡಿದುಕೊಳ್ಳುವುದು. ಒಮ್ಮೆ ದೇವರ ಹಿಪ್ಪರಗಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಚೀಲವನ್ನು ಮುಟ್ಟಿ ಮುಟ್ಟಿ ನೋಡಿ, "ಇದರಾಗ ಏನೈತವ್ವಾ, ಹೊಲಿಗಿ ಮಷಿನ್ನೇನು?" ಎಂದಳು. ಹೌದೆಂದೆ. ವಿವರಿಸುವುದು ಬೇಡವಾಗಿತ್ತು.

ನಾನು ಹಾಡುವುದಕ್ಕೆ ಬ್ಲೂಸ್ ಎನ್ನುತ್ತಾರೆ. ಅದನ್ನು ನನಗೆ ಕಲಿಸಿದವರು ಸೊಲ್ಲಾಪುರದಲ್ಲಿ ನಾನು ಬಿ.ಎಸ್ಸಿ. ಓದುವಾಗ ಬಾಡಿಗೆಗಿದ್ದ ಮನೆಯ ಮಾಳಿಗೆಯಲ್ಲಿದ್ದ ಮುದುಕರು, ರೈಲ್ವೆಯಲ್ಲಿ ಇಂಜಿನ್ ಡ್ರೈವರಾಗಿದ್ದು ನಿವೃತ್ತರಾದವರು. ಕಿರುಬೆರಳಿಗೆ ಹಿತ್ತಾಳೆಯ ನಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಿದ್ದರು. ಯಾರೋ ದೂರದಲ್ಲಿ ನರಳಿದಂತೆ ಕೇಳುತ್ತಿತ್ತು. ನೋಟ್ಸು ಬರೆಯುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಒಂದು ದಿನ ಒಳಗೆ ಕರೆದರು, ಗಿಟಾರು ಹಿಡಿಯುವುದನ್ನೂ ತಾವು ಬಲ್ಲ ಇಂಗ್ಲಿಷ್ ಹಾಡುಗಳನ್ನೂ ಕಲಿಸತೊಡಗಿದರು. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಇದು ಎಂದು ಮರಾಠಿಯಲ್ಲಿ ಹೇಳಿದರು. ಮೊದಲ ಸಾಲನ್ನು ಎರಡು ಸಲ ಹಾಡುವುದು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು, ಇಷ್ಟೇ ಅದರ ಕಟ್ಟು. ನಮ್ಮ ಅವ್ವ ಜೋಳ ಬೀಸುವಾಗ ಹಾಡುತ್ತಿದ್ದುದೂ ಹೆಚ್ಚೂಕಡಿಮೆ ಹೀಗೇ, ಮೂರು ಸಾಲು, ತಿರುಗಿಸಿ ತಿರುಗಿಸಿ. ಅದನ್ನು ಹಾಡಿ ತೋರಿಸಿದೆ. ಮುದುಕರು ಗಿಟಾರು ಕೆಳಗಿಟ್ಟು ಕೇಳಿದರು. "ಇಂಗ್ಲಿಷಿನ್ಯಾಗ ಯಾಕ ಹಾಡ್ತಿ? ನಿಮ್ಮವ್ವ ಹಾಡಿದ ಮಾತಿನ್ಯಾಗ ಹಾಡು" ಎಂದು ಅವರು ಮರಾಠಿಯಲ್ಲಿ ಅಂದದ್ದನ್ನು ನಾನು ನೆನೆಯುವುದು ನಮ್ಮ ಕನ್ನಡದಲ್ಲೇ.

ಹಾಗೆ ನಮ್ಮ ಭಾಷೆಯಲ್ಲಿ ಹಾಡು ಕಟ್ಟತೊಡಗಿದೆ. ವರ್ಗಾವಣೆಯ ಮೇಲೊಂದು, ತಪ್ಪಿದ ಬಸ್ಸಿನ ಮೇಲೊಂದು, ಬಾಡಿಗೆ ಮನೆಯ ಒಡತಿಯ ಮೇಲೊಂದು. ಕೇಳುವವರು ಕಡಿಮೆ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಕರೆದವರು ಎರಡು ಹಾಡಿಗೇ ಸಿನಿಮಾ ಹಾಡು ಹಾಡಿರಿ ಎಂದು ಚೀಟಿ ಕಳಿಸುತ್ತಿದ್ದರು. ಹಾಡುತ್ತಿದ್ದೆ. ಚೀಟಿ ಬಂದ ಮೇಲೆ ಮುಖ ಸಣ್ಣದು ಮಾಡಿಕೊಳ್ಳುವ ವಯಸ್ಸು ಬೇಗ ದಾಟಿತು.

ಜನ ನನ್ನನ್ನು ಗುರುತಿಸತೊಡಗಿದ್ದು ಒಂದೇ ಹಾಡಿನಿಂದ. ಆ ಹಾಡು ನನ್ನದಲ್ಲ.

ನನಗೊಬ್ಬಳು ಅಕ್ಕ ಇದ್ದಾಳೆ. ಗೊಳಸಂಗಿಗೆ ಕೊಟ್ಟಿದ್ದೆವು. ಹೊಲ, ಎಮ್ಮೆ, ಅತ್ತೆ, ಎಲ್ಲ ಇದ್ದ ಮನೆ. ಮದುವೆಯಾಗಿ ಕೆಲ ವರ್ಷಗಳಿಗೆ ಭಾವ ಹೆದ್ದಾರಿ ಪಕ್ಕದ ಝಳಕಿಯಲ್ಲಿ ಧಾಬಾ ಹಾಕಿದರು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಹಬ್ಬಕ್ಕೆ ಬರುತ್ತಿದ್ದರು, ಆಮೇಲೆ ಎಲ್ಲ ಹಬ್ಬಕ್ಕೂ ಬರುತ್ತಿರಲಿಲ್ಲ. ಅವರ ಬಿಳಿ ಅಂಗಿಗಳು ಮಾತ್ರ ತಪ್ಪದೆ ಬರುತ್ತಿದ್ದವು. ಗೊಳಸಂಗಿಯ ಮೇಲೆ ಹಾದು ಸೊಲ್ಲಾಪುರಕ್ಕೆ ಹೋಗುವ ಬಸ್ಸೊಂದರ ಕಂಡಕ್ಟರು ಭಾವನಿಗೆ ಗುರುತಿನವರು. ಅವರ ಕೈಯಲ್ಲಿ ಮೈಲಿಗೆ ಅಂಗಿಗಳ ಚೀಲ ಬರುತ್ತಿತ್ತು. ಅಕ್ಕ ಒಗೆದು ಇಸ್ತ್ರಿ ಮಾಡಿ ಅದೇ ಚೀಲದಲ್ಲಿ ತಿರುಗಿ ಕಳಿಸುತ್ತಿದ್ದಳು.

ಮುದ್ದೇಬಿಹಾಳದಲ್ಲಿದ್ದಾಗ ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿದ್ದೆ. ಅಕ್ಕ ಪಡಸಾಲೆಯಲ್ಲಿ ಕಂಬಳಿ ಮಡಚಿ ಹಾಸಿಕೊಂಡು ಇಸ್ತ್ರಿ ಮಾಡುತ್ತಿದ್ದಳು. ಅತ್ತೆ ಒಳಗೆ ಮಲಗಿದ್ದರು. ಅವಳು ತಲೆ ಎತ್ತದೆ ಮೆಲ್ಲಗೆ ಹೇಳಿದಳು.

"ಹೋದ ತಿಂಗಳ ಒಂದ ಅಂಗಿ ಗುಂಡಿ ಕಿತ್ತಿತ್ತು. ನಾನು ನೋಡಿರಲಿಲ್ಲ, ಹಂಗ ಕಳಿಸಿದ್ದೆ. ತಿರಗಿ ಬರೂದ್ರಾಗ ಯಾರೋ ಹಚ್ಚಿದ್ದರು."

"ಭಾವನೇ ಹಚ್ಚಿಕೊಂಡಿರಬೇಕು."

"ಅವರಿಗೆ ಸೂಜಿ ಪೋಣಸಾಕ ಬರೂದಿಲ್ಲ. ಕೆಂಪ ದಾರದಾಗ ಹಚ್ಚಿದ್ದರು. ಬಿಳಿ ಅಂಗಿಗೆ ಕೆಂಪ ದಾರ." ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಅಲ್ಲೊಬ್ಬಾಕಿ ಅದಾಳ."

ಅಷ್ಟು ಹೇಳಿ ಅವಳೇ ಎದ್ದು ಚಹಾಕ್ಕೆ ಇಟ್ಟಳು. ಬಸ್ಸಿನ ಹೊತ್ತಾಗಿದೆಯೆಂದು ನಾನು ಹೊರಟೆ.

ವಾರದೊಳಗೆ ಹಾಡು ಬಂತು. ನಾನೇನೂ ತಿಣುಕಲಿಲ್ಲ. ಎಂಟನೆಯ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತ ಕೂತಾಗ ಒಂದು ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಅಂಗಿ ಒಗದು ಇಸ್ತ್ರಿ ಮಾಡಿ ಸೊಲ್ಲಾಪುರ ಗಾಡಿಗಿ ಕೊಟ್ಟೆ,
ಅಂಗಿ ಒಗದು ಇಸ್ತ್ರಿ ಮಾಡಿ ಸೊಲ್ಲಾಪುರ ಗಾಡಿಗಿ ಕೊಟ್ಟೆ,
ತಿರಗಿ ಬಂದ ಅಂಗಿಮ್ಯಾಲ ಯಾರದೋ ಕೆಂಪ ದಾರ.

ಇನ್ನೂ ನಾಲ್ಕು ನುಡಿ ಬಂದವು. ಕೊನೆಯದರಲ್ಲಿ ಆ ಹೆಂಗಸು ದಾರವನ್ನು ನೋಡುತ್ತ ರಾತ್ರಿಯೆಲ್ಲ ಅಳುತ್ತಾಳೆ. ಹೆಸರು ಹಾಕಿಲ್ಲವಲ್ಲ, ಊರು ಹೇಳಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪುಣೆಯಲ್ಲಿ ಹಾಡಿದಾಗ ಕನ್ನಡ ಬಾರದವರೂ ಕಣ್ಣೊರೆಸಿಕೊಂಡರು. ಅಲ್ಲಿನವರೊಬ್ಬರು ಅದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರು. ಒಂದೆರಡು ತಿಂಗಳಲ್ಲಿ ನಮ್ಮ ಕಡೆಯ ಮೊಬೈಲುಗಳಲ್ಲೆಲ್ಲ ಅದೇ. ಇಷ್ಟು ವರ್ಷ ಯಾರೂ ಕೇಳದ ನನ್ನ ದನಿಯನ್ನು ಮುದ್ದೇಬಿಹಾಳದ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಕೇಳಿದಾಗ ನನಗೆ ಸಂತೋಷವೇ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಆ ವರ್ಷ ಪಂಚಮಿಗೆ ಅಕ್ಕ ಇಂಡಿಗೆ ಬಂದಳು. ನಾನೂ ಹೋಗಿದ್ದೆ. ಅವ್ವ ಉಂಡಿ ಕಟ್ಟುತ್ತಿದ್ದಳು. ಅಕ್ಕ ಕೈತೊಳೆದುಕೊಂಡು ಬಂದು ನನ್ನೆದುರು ನಿಂತಳು.

"ನಮ್ಮೂರ ಗಿರಣ್ಯಾಗ ಹಿಟ್ಟ ಬೀಸಸಾಕ ಪಾಳಿ ನಿಂತಿದ್ದೆ. ಬಾಜು ಮನಿ ಸೊಸಿ ಮೊಬೈಲಿನ್ಯಾಗ ನಿನ್ನ ಹಾಡ ಹಚ್ಚಿದ್ಲು. ಎಲ್ಲಾರೂ ನನ್ನ ಮಾರಿ ನೋಡಿದ್ರು. ಬಸ್ಸಿಗೆ ಅಂಗಿ ಕೊಡಾಕಿ ಆ ಊರಾಗ ಇನ್ನ್ಯಾರದಾರ?"

"ನಿನ್ನ ಹೆಸರ ತಗೊಂಡಿಲ್ಲಕ್ಕಾ."

"ತಂಗಿ ಅಂತ ಹೇಳಿದೆ ನಿನ್ನ ಮುಂದ. ನನ್ನ ಗಂಡಾಂತರ ನಿನಗ ಹಾಡೇನ?"

ಅವ್ವ ಉಂಡಿ ಕಟ್ಟುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಅಕ್ಕ ಮರುದಿನ ಮೊದಲ ಬಸ್ಸಿಗೆ ಹೊರಟುಹೋದಳು. ಆಮೇಲೆ ನಾಲ್ಕು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಆ ಹಾಡನ್ನು ಇನ್ನು ಹಾಡುವುದಿಲ್ಲ ಎಂದುಕೊಂಡೆ. ನಾಲ್ಕೈದು ಕಾರ್ಯಕ್ರಮದವರೆಗೆ ಹಾಡಲೂ ಇಲ್ಲ. ಆದರೆ ಕರೆಯುತ್ತಿದ್ದವರೆಲ್ಲ ಕರೆಯುತ್ತಿದ್ದುದು ಅದಕ್ಕಾಗಿಯೇ. ಮೊದಲ ಹಾಡಿನಿಂದಲೇ "ಕೆಂಪ ದಾರಾ, ಕೆಂಪ ದಾರಾ" ಎಂದು ಕೂಗುತ್ತಿದ್ದರು. ಗಂಟಲು ಸರಿಯಿಲ್ಲ ಎಂದೆ, ತಂತಿ ಹರಿದಿದೆ ಎಂದೆ. ಕೊನೆಗೆ ಸೋತು ಹಾಡಿದೆ. ಒಮ್ಮೆ ಹಾಡಿದ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಸಿಂದಗಿಯ ಕಾಲೇಜೊಂದರಲ್ಲಿ ಹುಡುಗಿಯೊಬ್ಬಳು ವೇದಿಕೆಯ ಹಿಂದೆ ಬಂದು, ಅತ್ತ ಕಣ್ಣಿನಲ್ಲೇ, "ಮೇಡಮ್ಮಾರ, ಇದು ನಿಮ್ಮ ಸ್ವಂತ ಕಥೀನೇನ್ರಿ?" ಎಂದು ಕೇಳಿದಳು.

"ಹೌದವ್ವಾ" ಎಂದೆ.

ಅವ್ವನನ್ನು ನೋಡಲು ಇಂಡಿಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ಏನು ಹೇಳಿದೆನೆಂದು ಹೊಳೆಯಿತು. ಗಂಡನೇ ಇಲ್ಲದ ನಾನು ಅಕ್ಕನ ಗಂಡನನ್ನೂ ಅವಳ ದುಃಖವನ್ನೂ ನನ್ನದೆಂದು ಹೇಳಿ ಬಂದಿದ್ದೆ. ಆದರೂ ಮುಂದಿನ ತಿಂಗಳು ಹಾಡಿದೆ, ಅದರ ಮುಂದಿನ ತಿಂಗಳೂ ಹಾಡಿದೆ. ಬೆರಳುಗಳು ತಮ್ಮಷ್ಟಕ್ಕೆ ಹೋಗುತ್ತಿದ್ದವು. ಬಾಯಿ ಹಾಡುತ್ತಿರುವಾಗ ತಲೆಯಲ್ಲಿ ಮರುದಿನದ ಪಾಠ ಓಡುತ್ತಿತ್ತು. ಆ ನಾಲ್ಕು ವರ್ಷಗಳಲ್ಲಿ ಹೊಸ ಹಾಡು ಒಂದೂ ಹುಟ್ಟಲಿಲ್ಲ. ಯಾರ ಮನೆಗೆ ಹೋದರೂ ಹೆಂಗಸರು ನನ್ನೆದುರು ಮಾತು ತಡೆದು ಆಡುತ್ತಿದ್ದರು. ಶಾಲೆಯ ಸಹೋದ್ಯೋಗಿಯೊಬ್ಬರು ನಗುತ್ತಲೇ, "ಇವರ ಮುಂದ ಏನೂ ಹೇಳಬ್ಯಾಡ್ರಿ, ಹಾಡ ಮಾಡ್ತಾರ" ಎಂದಿದ್ದರು. ನಾನೂ ನಕ್ಕಿದ್ದೆ.

ಅವ್ವನ ಕಣ್ಣಿನ ಪೊರೆ ತೆಗೆಸಿದಾಗ ಅಕ್ಕನೂ ನಾನೂ ಇಂಡಿಯಲ್ಲಿ ಒಂದು ವಾರ ಒಟ್ಟಿಗೆ ಇರಬೇಕಾಯಿತು. ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು, ನೀರು ಬೀಳದಂತೆ ನೋಡಿಕೊಳ್ಳಬೇಕು. ಮೊದಲೆರಡು ದಿನ ನಾವು ಅವ್ವನ ಮುಖಾಂತರವೇ ಮಾತಾಡಿದೆವು. "ಅವ್ವಾ, ಅಕ್ಕಗ ಹೇಳು, ರೊಟ್ಟಿ ಸಾಕಂತ." ಮೂರನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅವ್ವ, "ನನಗ ಕಣ್ಣಿಂದ ಆಪರೇಶನ್ ಆಗೈತಿ, ಬಾಯಿಗಿ ದಣಿವ ಕೊಡಬ್ಯಾಡ್ರಿ. ನೀವ ಮಾತಾಡ್ಕೋರಿ" ಎಂದಳು.

ಅಕ್ಕ ನನ್ನ ಕಡೆ ತಿರುಗಿ, "ಗಿಟಾರ್ ತಂದಿಯೇನ?" ಎಂದಳು.

ತಂದಿದ್ದೆ.

"ಆ ಹಾಡ ಹಾಡು."

ಬೇಡವೆಂದೆ. ಹಾಡು ಎಂದಳು. ಅಡುಗೆಮನೆಯ ಬಾಗಿಲಲ್ಲಿ ಕೂತು, ಅವಳ ಕಡೆ ನೋಡದೆ, ಐದೂ ನುಡಿ ಹಾಡಿದೆ. ಅವಳು ಎಲೆ ಬಿಡಿಸಿ ಮೆಂತ್ಯಪಲ್ಲೆ ಸೋಸುತ್ತ ಕೇಳಿದಳು. ಮುಗಿದ ಮೇಲೂ ಸೋಸುತ್ತಲೇ ಇದ್ದಳು.

"ಕಡೀದು ಸುಳ್ಳ" ಎಂದಳು.

"ಯಾವದು?"

"ನಾನು ರಾತ್ರಿಯೆಲ್ಲಾ ಅತ್ತೆ ಅಂತ ಹಾಡೀದಿ. ನಾನ ಯಾವಾಗ ಅತ್ತೇನಿ? ಅತ್ತೀನಿ ಅಂತ ಹೇಳಿದ್ನೇನ ನಿನಗ?"

"ಇಲ್ಲ."

"ಬ್ಲೇಡ್ ತಗೊಂಡು ಆ ಗುಂಡಿ ಹರದೆ. ಬಿಳಿ ದಾರದಾಗ ಮತ್ತ ಹಚ್ಚಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಳಿಸಿದೆ. ಆಕಿ ನೋಡಲಿ ಅಂತ. ಮೂರ ಸಲ ಆಕಿ ಕೆಂಪ ದಾರ ಹಚ್ಚಿದ್ಲು, ಮೂರ ಸಲ ನಾ ತಗದೆ. ನಾಕನೇ ಸಲ ಆಕೀನ ಬಿಳಿ ದಾರ ಹಚ್ಚಿ ಕಳಿಸಿದ್ಲು." ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ ಪೇಪರಿನಲ್ಲಿ ಸುತ್ತಿದಳು. "ಊರಾಗಿನ ಮಂದಿ ನನ್ನ ಅಳಾಕಿ ಅಂತ ತಿಳದಾರ. ನನಗ ಸಿಟ್ಟ ಬಂದಿದ್ದು ಅದಕ್ಕ."

ಇಷ್ಟು ವರ್ಷ ಅವಳ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಮುನಿದಿದ್ದಾಳೆಂದು ತಿಳಿದಿದ್ದೆ. ಅದಕ್ಕೂ ಮುನಿದಿದ್ದಳು. ಆದರೆ ಅದಕ್ಕಿಂತ ಹೆಚ್ಚಾಗಿ, ಅವಳು ಮಾಡದ ಕೆಲಸವನ್ನು ಅವಳ ಮೇಲೆ ಹೊರಿಸಿದ್ದೆ.

"ಈಗೂ ಅಂಗಿ ಕಳಸ್ತೀಯೇನ?" ಎಂದು ಕೇಳಿದೆ.

"ಇಲ್ಲ, ಬಿಟ್ಟೆ. ಆ ಕಂಡಕ್ಟರ್ ರಿಟಾಯರ್ ಆದ. ಹೊಸಬಗ ಎಲ್ಲಾ ಬಿಡಿಸಿ ಹೇಳಾಕ ಬ್ಯಾಸರಾತು."

ಅವ್ವ ಕನ್ನಡಕದ ಹಿಂದಿನಿಂದಲೇ ನಕ್ಕಳು. ಅಕ್ಕನೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಆ ಹಾಡು ಹಾಡುವುದನ್ನೇ ಬಿಟ್ಟುಬಿಡುತ್ತೇನೆ ಎಂದೆ. "ಬಿಟ್ಟರ ಏನ ಬಂತು? ಫೋನಿನ್ಯಾಗ ಐತೇ ಐತಿ. ಹಾಡಿದರ ಖರೇ ಹಾಡು" ಎಂದಳು.

ಕೊನೆಯ ನುಡಿಯನ್ನು ತಿದ್ದಿದೆ. ಗುಂಡಿ ಹರಿದದ್ದು, ಬಿಳಿ ದಾರ, ಗಂಜಿ, ಮೂರು ಸಲ, ಎಲ್ಲ ಬಂತು. ಹಾಡು ಮೊದಲಿಗಿಂತ ಗಟ್ಟಿಯಾಯಿತೆಂದು ನನಗನ್ನಿಸಿತು. ಮುದ್ದೇಬಿಹಾಳದಲ್ಲಿ ಮೊದಲ ಸಲ ಅದನ್ನು ಹಾಡಿದಾಗ ಸಭೆಯಲ್ಲಿ ಯಾರೂ ಅಳಲಿಲ್ಲ. ಸಂಘಟಕರು ಹೂಮಾಲೆ ಹಾಕುತ್ತ, "ಕಡೀ ಸಾಲ ಮರತ್ರೇನ್ರಿ ಮೇಡಮ್ಮಾರ? ಆಗ್ತೈತ್ರಿ, ವಯಸ್ಸು" ಎಂದು ಸಮಾಧಾನ ಹೇಳಿದರು.

"ಮರತಿಲ್ರಿ. ಮೊದಲ ತಪ್ಪಿತ್ತು, ಈಗ ಸರಿ ಮಾಡೇನಿ."

"ಮೊದಲಿನದ ಚಂದಿತ್ರಿ" ಎಂದರು ಅವರು.

ಎಲ್ಲ ಕಡೆ ಹೀಗೇ. ಪುಣೆಯವರಿಗೆ ಫೋನು ಮಾಡಿ ಹಳೆಯದನ್ನು ತೆಗೆಯಿರಿ ಎಂದೆ, ಅವರು ತೆಗೆದರು. ಅಷ್ಟರಲ್ಲಿ ಬೇರೆ ಯಾರ್ಯಾರೋ ಎಷ್ಟೋ ಕಡೆ ಹಾಕಿಕೊಂಡಿದ್ದರು. ಅದರ ಬೆನ್ನು ಹತ್ತುವ ತ್ರಾಣ ನನ್ನಲ್ಲಿರಲಿಲ್ಲ.

ಮೊನ್ನೆ ಬಾಗೇವಾಡಿಯಲ್ಲೇ ಒಂದು ಕಾರ್ಯಕ್ರಮವಿತ್ತು, ಶಿಕ್ಷಕರದ್ದು. ಕೊನೆಯ ನುಡಿಗೆ ಬಂದಾಗ ಸಭೆಯೇ ಹಳೆಯ ಸಾಲನ್ನು ಎತ್ತಿಕೊಂಡಿತು. ನನ್ನ ದನಿ ಅದರಲ್ಲಿ ಮುಳುಗಿತು. ಗಿಟಾರು ನಿಲ್ಲಿಸಿ, ಅವರು ಅತ್ತು ಮುಗಿಸುವವರೆಗೆ ಕಾದೆ. ಆಮೇಲೆ ಒಬ್ಬಳೇ ಸರಿಯಾದದ್ದನ್ನು ಹಾಡಿದೆ. ಅಷ್ಟರಲ್ಲಿ ಕೆಲವರು ಊಟದ ಪಾಳಿಗೆ ಎದ್ದಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಟೀಚರೊಬ್ಬರು ಮಾತ್ರ "ಗಂಜೀನೂ ಹಾಕಿದ್ಲಾ!" ಎಂದು ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

ಮರುದಿನ ಅಕ್ಕನಿಗೆ ಫೋನು ಮಾಡಿದೆ. ಅವಳು ನನ್ನ ಹಾಡು ಕೇಳಲು ಯಾವ ಕಾರ್ಯಕ್ರಮಕ್ಕೂ ಬಂದವಳಲ್ಲ, ಬರುವುದೂ ಇಲ್ಲ. ಆದರೆ ಈಗ ಪ್ರತಿ ಸಲ ವಿಚಾರಿಸುತ್ತಾಳೆ.

"ಸರಿ ಹಾಡಿದಿಯೇನ?"

"ಹಾಡಿದೆ. ಯಾರೂ ಕೇಳಲಿಲ್ಲ."

"ಆತಲ್ಲ ಮತ್ತ" ಎಂದಳು. ಹಿಂದೆ ಮಷೀನಿನ ಸದ್ದು ಜೋರಾಗಿತ್ತು. "ತೊಗರಿ ರಾಶಿ ನಡದೈತಿ ತಂಗಿ, ಧೂಳ ಭಾಳ ಐತಿ. ಐತವಾರ ಮಾತಾಡೂಣು" ಎಂದು ಫೋನು ಇಟ್ಟಳು.