ಬೀದಿ ಉದ್ದ, ಒಕ್ಕಣೆ ಗಿಡ್ಡ

ಮೈಕಿನವನಿಗೆ ಗುಡುಗಪ್ಪ ಎಂದು ಹೆಸರಿಟ್ಟವರು ಊರಿನವರು. ಅದನ್ನು ಬಿರುದೆಂದು ತಿಳಿದವನು ಅವನೊಬ್ಬನೇ. ಆಟೋದ ಹಿಂದಿನ ಸೀಟಿನಲ್ಲಿ ಕೂತು ಸಿನಿಮಾ ಬಂದದ್ದು, ನೀರು ನಿಂತದ್ದು, ಮೇಕೆ ಕಳೆದದ್ದು ಎಲ್ಲವನ್ನೂ ಒಂದೇ ಗಾಂಭೀರ್ಯದಲ್ಲಿ ಸಾರುತ್ತಿದ್ದ. ಮನೆಯಲ್ಲಿ ಅವನು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು.

ಅವನ ಕಸುಬಿಗೆ ಒಂದೇ ನೇಮ: ಬೀದಿ ಮುಗಿಯುವವರೆಗೆ ಮೈಕು ಸುಮ್ಮನಾಗಕೂಡದು. ಒಕ್ಕಣೆ ಮೊದಲೇ ಮುಗಿದರೆ ಕಣ್ಣಿಗೆ ಬಿದ್ದದ್ದನ್ನು ಸೇರಿಸುವುದು. ದಾರಿಯಲ್ಲಿ ಒಣಹಾಕಿದ್ದ ಸೀರೆಯನ್ನು ಕಂಡು, ಕಳೆದುಹೋದ ಮೇಕೆಗೆ ಹಸಿರು ಅಂಚು ಹಚ್ಚಿದ್ದೂ ಉಂಟು.

ಅಂಥವನ ಕೈಗೆ ಆರೋಗ್ಯ ಕೇಂದ್ರದ ನರ್ಸಮ್ಮ ಒಂದು ಚೀಟಿ ಕೊಟ್ಟು, "ಇದ್ದದ್ದು ಇದ್ದ ಹಾಗೆ ಓದಪ್ಪ" ಎಂದರು.

"ನನಗೇ ಹೇಳಿಕೊಡ್ತೀರಾ?" ಎಂದು ಇವನು ಆಟೋ ಹತ್ತಿದ.

ಚೀಟಿ ಚೊಕ್ಕವಾಗಿತ್ತು. ಎಚ್‌ಐವಿ ಹರಡುವುದು ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದರಿಂದ, ಚಿಕಿತ್ಸೆ ಪಡೆಯದ ಸೋಂಕಿತ ತಾಯಿಯಿಂದ ಮಗುವಿಗೆ. ಪರೀಕ್ಷೆ ಮಾಡಿಸಿಕೊಳ್ಳಿ. ಸೋಂಕಿದ್ದರೂ ತಪ್ಪದೆ ಮಾತ್ರೆ ನುಂಗಿದರೆ ಅದು ಏಡ್ಸ್ ಆಗದಂತೆ ತಡೆದು, ಎಲ್ಲರಂತೆ ಬಾಳಬಹುದು.

ಚೀಟಿ ಹಿಟ್ಟಿನ ಗಿರಣಿಯ ಹತ್ತಿರವೇ ಮುಗಿಯಿತು. ಬೀದಿ ಮುಗಿಯಲಿಲ್ಲ. ಎದುರಿಗೆ ಕಂಡದ್ದು ಹೆಂಡತಿಯ ತಮ್ಮನ ಕ್ಷೌರದಂಗಡಿ.

"ಎಚ್ಚರ! ಕುರ್ಚಿಯಿಂದ ಎಚ್ಚರ! ಟವೆಲ್ಲಿನಿಂದ ಎಚ್ಚರ! ಬಾಚಣಿಗೆಯಿಂದ ಕಟ್ಟೆಚ್ಚರ!"

ಒಳಗೆ ಒಂದು ಕೆನ್ನೆ ಬೋಳಿಸಿಕೊಂಡು ಕೂತಿದ್ದ ಟೈಲರು, ಇನ್ನೊಂದು ಕೆನ್ನೆಯ ನೊರೆಯ ಸಮೇತ ಎದ್ದು ಓಡಿದ. ತನ್ನ ಮಾತಿಗೆ ಇಷ್ಟು ಬೇಗ ಫಲ ಸಿಕ್ಕಿದ್ದು ಕಂಡು ಗುಡುಗಪ್ಪ ಮೀಸೆ ತಿರುವಿಕೊಂಡ.

ಅಂದಿನಿಂದ ಅಂಗಡಿಯ ಕಡೆ ನರಪಿಳ್ಳೆ ಸುಳಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಭಾಮೈದ ಮನೆಗೆ ಬಂದ.

"ಭಾವ, ನನ್ ಕುರ್ಚಿ ಮೇಲೆ ಈಗ ಬೆಕ್ಕು ಮಲಗ್ತಿದೆ. ಹೀಗೇ ಆದ್ರೆ ಅಂಗಡಿ ಮುಚ್ಚಬೇಕಷ್ಟೆ."

"ಅದು ನನ್ನ ಕಂಠದ ಮಹಿಮೆ ಕಣೋ..."

"ಆ ಕಂಠದೊಳಕ್ಕೆ ಇನ್ನು ಅನ್ನ ಹೇಗೆ ಇಳಿಯುತ್ತೆ, ನಾನೂ ನೋಡ್ತೀನಿ," ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಹಸಿವಿಗಿಂತ ದೊಡ್ಡ ಗುರುವಿಲ್ಲ. ಗುಡುಗಪ್ಪ ನರ್ಸಮ್ಮನ ಮುಂದೆ ಕೈಕಟ್ಟಿ ನಿಂತ.

"ಕುರ್ಚಿಯಿಂದ ಬರುತ್ತೆ ಅಂತ ಯಾವ ಸಾಲಲ್ಲಿ ಬರ್ದಿದ್ದೆ?"

"ಸ್ವಲ್ಪ ಮೆರುಗು..."

"ಮೆರುಗು ನಿನ್ ಮೇಕೆಗಿರಲಿ! ಮುಟ್ಟಿದ್ರೆ ಬರಲ್ಲ, ಜೊತೇಲಿ ಉಂಡ್ರೆ ಬರಲ್ಲ, ಸೊಳ್ಳೆ ಕಚ್ಚಿದ್ರೆ ಬರಲ್ಲ. ಸೋಂಕಿರೋರು ಕೂತೆದ್ದ ಕುರ್ಚಿ ಮೇಲೆ ನೀನು ಸಂಜೆವರೆಗೂ ನಿದ್ದೆ ಹೊಡೆದ್ರೂ ಬರಲ್ಲ. ಬ್ಲೇಡು ಮಾತ್ರ ಒಬ್ಬೊಬ್ಬರಿಗೂ ಹೊಸದಿರಬೇಕು. ಅದನ್ನ ನಿನ್ ಭಾಮೈದ ಮಾಡ್ತಾನೇ ಇದಾನೆ. ನಿನ್ ಕಿರುಚಾಟ ಕೇಳಿ ಪರೀಕ್ಷೆಗೆ ಬರೋರೂ ಹೆದರಿ ಮನೇಲಿ ಕೂತಿದಾರೆ, ಗೊತ್ತಾ?"

ಮರುದಿನ ಬೆಳಗ್ಗೆ ಬೆಕ್ಕನ್ನು ಇಳಿಸಿ ಕುರ್ಚಿಯನ್ನು ಬೀದಿಗೆ ತಂದರು. ಗುಡುಗಪ್ಪ ಕೊರಳಿಗೆ ಅದೇ ಟವೆಲ್ಲು, ಕೈಯಲ್ಲಿ ಮೈಕು, ಮುಖದ ತುಂಬ ನೊರೆ ಹೊತ್ತು ಕೂತ. ಭಾಮೈದ ಹೊಸ ಬ್ಲೇಡಿನ ಕಾಗದವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಬಿಚ್ಚಿದ.

"ಭಾವ, ಈಗ ಬಾಯಿ ಮುಚ್ಚಿ."

"ಬೀದಿ ಮುಗಿಯೋವರೆಗೂ..."

"ನೀವು ಕೂತಿದೀರಿ ಭಾವ. ಬೀದಿ ಎಲ್ಲಿಗೂ ಹೋಗ್ತಿಲ್ಲ."

ಕೇಳಬೇಕಲ್ಲ! "ಕುರ್ಚಿಯಿಂದ ಬರುವುದಿಲ್ಲ! ಟವೆಲ್ಲಿನಿಂದ ಬರುವುದಿಲ್ಲ! ಬಾಚಣಿಗೆಯಿಂದ ಖಂಡಿತಾ ಬರುವುದಿಲ್ಲ!" ಆ 'ಖಂಡಿತಾ'ಕ್ಕೆ ಮೇಲ್ದುಟಿ ಕುಣಿಯಿತು, ಬ್ಲೇಡು ಜಾರಿ ಎಡಗಡೆಯ ಮೀಸೆ ಹಾರಿತು.

"ಅಯ್ಯೋ, ನನ್ ಮೀಸೆ!" ಎಂಬುದನ್ನೂ ಮೈಕು ನಾಲ್ಕು ಬೀದಿಗೆ ಸಾರಿತು. ಮೀಸೆ ನೋಡಲು ಜನ ಓಡಿಬಂದರು. ಬಂದವರು ನಕ್ಕರು, ನಕ್ಕವರು ನಿಂತು ಕೇಳಿದರು. ಕೇಳುತ್ತ ಕೇಳುತ್ತ ಒಬ್ಬೊಬ್ಬರೇ ತಮ್ಮ ಗಡ್ಡ ಸವರಿಕೊಂಡರು. ಎಲ್ಲರಿಗಿಂತ ಮುಂದೆ ಬಂದವನು ಕೆನ್ನೆಗೆ ಮಫ್ಲರು ಸುತ್ತಿಕೊಂಡಿದ್ದ ಟೈಲರು. ಬಟ್ಟೆ ಕತ್ತರಿಸುವ ಆ ಕೈಗೆ ಸ್ವಂತ ಕೆನ್ನೆ ಬೋಳಿಸುವ ಧೈರ್ಯವಿರಲಿಲ್ಲ.

"ಹಲ್ಲುನೋವು ಅಂತ ಸುಳ್ಳು ಹೇಳಿ ಸಾಕಾಯ್ತು. ಉಳಿದರ್ಧಾನೂ ತೆಗೆದುಬಿಡು, ಪುಣ್ಯಾತ್ಮ."

ಭಾಮೈದ ಟವೆಲ್ಲು ಕೊಡವಿ, ಬ್ಲೇಡು ಬದಲಿಸಿದ. "ಏಳಿ ಭಾವ, ಗಿರಾಕಿ ಬಂದ್ರು."

"ನನ್ನ ಇನ್ನರ್ಧ ಮೀಸೆ?"

"ಸಾಲಲ್ಲಿ ನಿಂತ್ಕೊಳ್ಳಿ."

ಸಾಲು ಉದ್ದವಿತ್ತು. ಗುಡುಗಪ್ಪ ಕೊನೆಯಲ್ಲಿ ನಿಂತು, ಚೀಟಿಯನ್ನು ಮತ್ತೆ ಮೊದಲಿನಿಂದ, ಇದ್ದದ್ದು ಇದ್ದ ಹಾಗೆ ಓದತೊಡಗಿದ.