ಒಡೆಯಬಾರದಿದ್ದ ಕವರು

1994ರಲ್ಲಿ ನಾನು ಚಾಮರಾಜನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಅಟೆಂಡರ್ ಆಗಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಗಂಡ ಅದೇ ಆಫೀಸಿನಲ್ಲಿದ್ದ, ತೀರಿಕೊಂಡ, ಅವನ ಕೆಲಸ ನನಗೆ ಬಂತು. ಕನ್ನಡ ಓದುತ್ತಿದ್ದೆ, ಸಹಿ ಹಾಕುತ್ತಿದ್ದೆ. ಇಂಗ್ಲಿಷು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಅರಗು ಕರಗಿಸಿ ಮೊಹರು ಒತ್ತುವ ಕೆಲಸದಲ್ಲಿ ನನ್ನಷ್ಟು ಚೊಕ್ಕವಾಗಿ ಮಾಡುವವರು ಅಲ್ಲಿರಲಿಲ್ಲ. ಕಾಲೇಜಿನ ಹಿತ್ತಾಳೆ ಮೊಹರು ಇದ್ದ ಬೀರುವಿನ ಬೀಗದಕೈ ನನ್ನ ಸೊಂಟದಲ್ಲೇ ಇರುತ್ತಿತ್ತು.

ನನಗೊಂದು ಪದ್ಧತಿ ಇತ್ತು. ಅಂಚೆಗೆ ಹೋಗುವ ಕವರಿಗೆ ಮೊಹರು ಹಾಕಿ ಕಳಿಸುತ್ತಿದ್ದೆ. ಯಾರಾದರೂ ಕೈಯಾರೆ ತೆಗೆದುಕೊಂಡು ಹೋಗಲು ಬಂದರೆ ಮಾತ್ರ ಅವರ ಎದುರಿಗೇ ಕವರು ಒಡೆದು, ಒಳಗಿನ ಕಾಗದ ತೋರಿಸಿ, "ನೋಡಿ ಪಡೆದೆ" ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಹಿಂದೊಮ್ಮೆ ಒಬ್ಬನ ಕವರಿನಲ್ಲಿ ಇನ್ನೊಬ್ಬನ ಅಂಕಪಟ್ಟಿ ಹೋಗಿ ದೊಡ್ಡ ರಂಪವಾಗಿತ್ತು. ಅಂದಿನಿಂದ ಈ ಪದ್ಧತಿ. ಮೇಷ್ಟರುಗಳೂ ಇದನ್ನು ಹೊಗಳಿದ್ದರು. ಆ ವರ್ಷ ಇದೇ ಪದ್ಧತಿ ನನ್ನನ್ನು ಕೆಡವಿತು.

ಉಡಿಗಾಲದ ರಾಜಮ್ಮಣಿ ನಮ್ಮಲ್ಲಿ ಬಿ.ಎಸ್ಸಿ. ಓದಿದವಳು. ಆಮೇಲೆ ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದಳು. ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳಕ್ಕೆ ರೋಗ ಬಂದು ತಟ್ಟೆಗಟ್ಟಲೆ ಸತ್ತದ್ದನ್ನು ತಿಪ್ಪೆಗೆ ಸುರಿದೇ ಬೆಳೆದ ಹುಡುಗಿ ಅವಳು. ಹುಳದ ರೋಗದ ಮೇಲೇ ಮುಂದೆ ಓದಲು ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಖರ್ಚನ್ನೂ ಅವರೇ ಕೊಡುತ್ತಿದ್ದರು.

ಸೀಟು ಸಿಕ್ಕಿದರೆ ಸಾಲದು, ಆ ದೇಶದೊಳಕ್ಕೆ ಬಿಡಲು ವೀಸಾ ಬೇಕು ಎಂದು ಅವಳೇ ನನಗೆ ತಿಳಿಸಿ ಹೇಳಿದ್ದಳು. ಅದಕ್ಕೆ ಮದ್ರಾಸಿನಲ್ಲಿರುವ ಅವರ ಆಫೀಸಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಪಾಸ್‌ಪೋರ್ಟ್ ಬೇಕು. ಐ-20 ಬೇಕು. ಐ-20 ಎಂದರೆ, ಈ ವಿದ್ಯಾರ್ಥಿಯನ್ನು ನಾವು ಸೇರಿಸಿಕೊಂಡಿದ್ದೇವೆ, ಇಂಥ ದಿನದೊಳಗೆ ಬರಬೇಕು, ಖರ್ಚಿಗೆ ದಾರಿ ಹೀಗಿದೆ ಎಂದು ಯೂನಿವರ್ಸಿಟಿ ಬರೆದುಕೊಟ್ಟ ಕಾಗದ. ಇವುಗಳ ಜೊತೆಗೆ ಓದಿದ ಕಾಲೇಜುಗಳಿಂದ ಅಂಕಪಟ್ಟಿಯ ಪ್ರತಿ, ಮೊಹರಾದ ಕವರಿನಲ್ಲಿ. ಕವರಿನ ಬಾಯಿಯ ಮೇಲೆ ಪ್ರಿನ್ಸಿಪಾಲರ ಸಹಿ ಅಡ್ಡಲಾಗಿ ಇರಬೇಕು. ಅದನ್ನು ಹಾಗೇ ಅಮೆರಿಕಕ್ಕೆ ಒಯ್ದು ಕೊಟ್ಟಾಗ ಯೂನಿವರ್ಸಿಟಿಯವರೇ ಒಡೆಯಬೇಕು. ಬೇರೆ ಯಾರು ಒಡೆದಿದ್ದರೂ ಅದು ರದ್ದಿ ಕಾಗದ.

ಈ ಕೊನೆಯ ಮಾತನ್ನು ಅವಳು ನನಗೆ ಹೇಳಿದ್ದು, ನಾನು ಕವರು ಒಡೆದ ಮೇಲೆ.

ಜುಲೈ ತಿಂಗಳ ಒಂದು ಶುಕ್ರವಾರ. ಹಿಂದಿನ ದಿನ ನಾನು ರಜದಲ್ಲಿದ್ದೆ. ಬೀಗದಕೈಯನ್ನು ಗುಮಾಸ್ತ ನಂಜುಂಡಯ್ಯನ ಕೈಗೆ ಕೊಟ್ಟು ಹೋಗಿದ್ದೆ. ಪ್ರಿನ್ಸಿಪಾಲರು ಸಹಿ ಹಾಕಿ, ನಂಜುಂಡಯ್ಯ ಅರಗನ್ನು ಅಡ್ಡಾದಿಡ್ಡಿ ಮೆತ್ತಿ ಇಟ್ಟಿದ್ದ ಕವರು ಬೀರುವಿನಲ್ಲಿತ್ತು. ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಮಧ್ಯಾಹ್ನ ರಾಜಮ್ಮಣಿ ಬಂದು ಕೇಳಿದಳು. ನಾನು ಕವರು ತೆಗೆದೆ, ಅಡ್ಡ ಹಿಡಿದು ಟರ್ರನೆ ಹರಿದೆ, ಕಾಗದ ಮುಂದಿಟ್ಟೆ.

"ನೋಡ್ಕೊ. ಮೂರು ವರ್ಸದ್ದೂ ಐತಾ? ಇಲ್ಲಿ ಸೈನ್ ಆಕು."

ಅವಳು ಪೆನ್ನು ಮುಟ್ಟಲಿಲ್ಲ. ಹರಿದ ಕವರನ್ನು ಕೈಗೆತ್ತಿಕೊಂಡಳು.

"ಒಡ್ದ್‌ಬುಟ್ರಲ್ಲಾ ಸಿದ್ದಕ್ಕಾ! ಕೇಳ್ಬಾರ್ದಿತ್ತಾ ನನ್ನ ಒಂದ್ ಮಾತ? ನಾಳೆ ಸಂಜೆ ಮೈಸೂರಲ್ಲಿ ರೈಲು. ಸೋಮ್ವಾರ ಮದ್ರಾಸಲ್ಲಿ ನಿಂತಿರ್ಬೇಕು ನಾನು."

ಐ-20ರಲ್ಲಿ ಬರೆದಿದ್ದ ದಿನಕ್ಕೆ ಹೆಚ್ಚು ಸಮಯ ಉಳಿದಿರಲಿಲ್ಲ. ಅಷ್ಟರೊಳಗೆ ಹೋಗಿ ಸೇರದಿದ್ದರೆ ಸೀಟು ಇನ್ನೊಬ್ಬರಿಗೆ. ಪ್ರಿನ್ಸಿಪಾಲರೋ ಪರೀಕ್ಷೆಯ ಮೇಲ್ವಿಚಾರಣೆಗೆ ಅಂದು ಬೆಳಿಗ್ಗೆಯೇ ಗುಂಡ್ಲುಪೇಟೆಗೆ ಹೋಗಿದ್ದರು. ಬರುವುದು ಭಾನುವಾರ.

ನಂಜುಂಡಯ್ಯ ಎದ್ದು ಬಂದ. ಕೆಟ್ಟವನಲ್ಲ, ಎಲ್ಲವನ್ನೂ ಸಲೀಸು ಮಾಡುವವನು. "ಅದ್ಕ್ಯಾಕೆ ಇಷ್ಟು ಒದ್ದಾಡ್ತೀರಿ? ಒಸ ಕವರು ಕೊಡಿ. ಸಾಹೇಬ್ರ ಸೈನ್ ನಾನ್ ಆಕ್ತೀನಿ, ಅವ್ರೇ ಗುರುತು ಇಡಿಯಕಾಗಲ್ಲ. ಮೊಹರು ನಿನ್ ತಾವೇ ಐತೆ, ಒತ್ತು. ಅಮೆರಿಕದವ್ನು ಬಂದು ಕೇಳಾನಾ?"

ರಾಜಮ್ಮಣಿ ನನ್ನ ಮುಖ ನೋಡಿದಳು. "ಆಕ್ಬುಡ್ಲಿ ಬುಡಿ ಸಿದ್ದಕ್ಕ. ಒಳ್ಗಿರೋ ಮಾರ್ಕ್ಸ್ ನಂದೇ ತಾನೆ?"

ಅವಳು ಹೇಳಿದ್ದು ನಿಜ. ಒಳಗಿನ ಕಾಗದ ನಿಜ, ಅಂಕಗಳು ನಿಜ. ಸುಳ್ಳಾಗುವುದು ಕವರು ಮಾತ್ರ. ನನಗೂ ಒಂದು ಗಳಿಗೆ ಹಾಗೇ ಮಾಡೋಣ ಅನ್ನಿಸಿತು. ತಪ್ಪು ನನ್ನದು, ಅಲ್ಲೇ ಮುಚ್ಚಿ ಹೋಗುತ್ತಿತ್ತು. ಆದರೆ ನಾನು ಅಷ್ಟು ವರ್ಷ ಮಾಡಿದ ಕೆಲಸವೇ ಕವರಿನದು. ಒಳಗಿರುವುದನ್ನು ಓದಲು ನನಗೆ ಬರುತ್ತಿರಲಿಲ್ಲ.

"ಇವತ್ತು ಇವ್ಳ ಕವರಿಗೆ ಆಕ್ತೀಯ, ನಾಳೆ ಯಾವ ಫೇಲಾದವ್ನ ಕವರಿಗೆ ಆಕ್ತೀಯೋ, ಸುಮ್ಕಿರು ನಂಜುಂಡಯ್ಯ," ಎಂದೆ. ಅವಳಿಗೆ, "ನಾಳೆ ಆರು ಗಂಟೆಗೆ ಬಟ್ಟೆ ಪೆಟ್ಗೆ ತಕಂಡು ಬಸ್‌ಸ್ಟ್ಯಾಂಡ್‌ಗೆ ಬಾ ಕಣಮ್ಮಿ. ಗುಂಡ್ಲುಪೇಟೆಗೆ ಓಗನ," ಎಂದೆ.

ಮೊಹರು ಆಫೀಸಿನ ಬಾಗಿಲು ದಾಟಬಾರದು ಎಂಬ ನಿಯಮವಿತ್ತು. ದಾಟಿಸದೆ ಬೇರೆ ದಾರಿ ಇರಲಿಲ್ಲ. ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಬರೆದೆ: "ಕವರು ತಪ್ಪಾಗಿ ಒಡೆದಿದ್ದೇನೆ. ಮೊಹರು ಗುಂಡ್ಲುಪೇಟೆಗೆ ಪ್ರಿನ್ಸಿಪಾಲರ ಬಳಿಗೆ ಒಯ್ಯುತ್ತಿದ್ದೇನೆ. ಸಿದ್ದಮ್ಮ." ಮೊಹರು, ಎರಡು ಕಡ್ಡಿ ಅರಗು, ಮೇಣದಬತ್ತಿ, ಹೊಸ ಕವರು ಎಲ್ಲವನ್ನೂ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡೆ.

ಬಸ್ಸು ತೆರಕಣಾಂಬಿಯಲ್ಲಿ ಪಂಕ್ಚರ್ ಆಗಿ ನಿಂತಿತು. ಇನ್ನೊಂದು ಬಸ್ಸು ಹಿಡಿದು ಗುಂಡ್ಲುಪೇಟೆ ಸೇರುವಷ್ಟರಲ್ಲಿ ಪರೀಕ್ಷೆ ಶುರುವಾಗಿತ್ತು. ಗೇಟಿನಲ್ಲಿ ಪೊಲೀಸಿನವನು ಬಿಡಲಿಲ್ಲ. ಒಂದು ಗಂಟೆಯವರೆಗೆ ಎದುರಿನ ಟೀ ಅಂಗಡಿಯಲ್ಲಿ ಕೂತೆವು. ಅಂಗಡಿಯವನು ಕೇರಳದವನು, ಕುಟ್ಟನ್. ಎರಡು ಗಂಟೆಯ ಮೈಸೂರು ಬಸ್ಸು ತಪ್ಪಿದರೆ ರೈಲು ಸಿಗುವುದಿಲ್ಲ ಎಂದು ರಾಜಮ್ಮಣಿ ಒಮ್ಮೆ ಹೇಳಿದಳು.

ಪ್ರಿನ್ಸಿಪಾಲರು ಹೊರಗೆ ಬಂದಾಗ ಒಂದೂಕಾಲು. ನಾನು ನಡೆದದ್ದನ್ನು ಹೇಳಿದೆ.

"ಮೊಹರನ್ನ ಬಸ್ಸಲ್ಲಿ ತಂದ್ರಾ ಸಿದ್ದಮ್ಮ? ಕಳೆದು ಹೋಗಿದ್ರೆ?"

"ಕಳೀಲಿಲ್ಲ ಸಾರ್. ರಿಜಿಸ್ಟರಲ್ಲಿ ಬರ್ದಿಟ್ಟೇ ತಂದಿವ್ನಿ. ಬೈಯೋದು ಸೋಮ್ವಾರ ಬೈರಿ, ಈಗ ಸೈನ್ ಆಕಿ."

ಅವರು ಅಂಕಪಟ್ಟಿಯನ್ನು ಇನ್ನೊಮ್ಮೆ ನೋಡಿ, ತಾವೇ ಕವರಿಗೆ ಹಾಕಿ, ಅಂಟಿಸಿ, ಅಡ್ಡಲಾಗಿ ಸಹಿ ಮಾಡಿದರು. ಇನ್ನು ಅರಗು. ಆಷಾಢದಲ್ಲಿ ಗುಂಡ್ಲುಪೇಟೆಯ ಗಾಳಿ ಗೊತ್ತಲ್ಲ. ಕಾಲೇಜಿನ ಜಗುಲಿಯಲ್ಲಿ ಮೂರು ಸಲ ಮೇಣದಬತ್ತಿ ಹಚ್ಚಿದೆ, ಮೂರು ಸಲವೂ ಆರಿತು. ಗಡಿಯಾರ ಒಂದೂವರೆ ದಾಟಿತ್ತು. ನಾನು ಕವರು ಹಿಡಿದು ಸೀದಾ ಕುಟ್ಟನ್ ಅಂಗಡಿಗೆ ನುಗ್ಗಿದೆ. ಪ್ರಿನ್ಸಿಪಾಲರು ಹಿಂದೆಯೇ ಬಂದರು. ಮೊಹರು ಅವರ ಕಣ್ಣೆದುರಿಗೇ ಬೀಳಬೇಕಿತ್ತು.

"ಪಾತ್ರೆ ಇಳ್ಸಪ್ಪ, ನಿನ್ ಒಲೆ ಬೇಕು."

"ಅಯ್ಯೋ ಅಮ್ಮಾ, ಟೀ ಕುಡೀಲಿಕ್ಕೆ ಬಂದದ್ದಾ, ಒಲೆ ಕೊಂಡ್ಕೊಳ್ಳಿಕ್ಕೆ ಬಂದದ್ದಾ?" ಎನ್ನುತ್ತಲೇ ಹಾಲಿನ ಪಾತ್ರೆ ಇಳಿಸಿದ.

ಇದ್ದಿಲ ಕೆಂಡಕ್ಕೆ ಅರಗು ಹಿಡಿದೆ. ಕರಗಿತು. ಸಹಿಯ ಎರಡು ಪಕ್ಕದಲ್ಲೂ ಬೊಟ್ಟು ಬಿಟ್ಟು ಒತ್ತಿದೆ. ಒಂದು ಬೊಟ್ಟಿಗೆ ಒಲೆಯ ಬೂದಿ ಹತ್ತಿಕೊಂಡಿತು. ತೆಗೆಯಲು ಸಮಯವಿರಲಿಲ್ಲ. ರಾಜಮ್ಮಣಿ ಎರಡು ಗಂಟೆಯ ಬಸ್ಸು ಹತ್ತಿದಳು.

ಸೋಮವಾರ ನನಗೆ ಮೆಮೊ ಬಂತು. ಮೆಮೊ ಎಂದರೆ ತಪ್ಪಿಗೆ ಕಾರಣ ಕೇಳುವ ಕಾಗದ. ಅದನ್ನು ಟೈಪು ಮಾಡಿದವನು ನಂಜುಂಡಯ್ಯನೇ. "ನನ್ ಮಾತು ಕೇಳಿದ್ರೆ ಇದು ಬರ್ತಿತ್ತಾ?" ಎಂದ. "ಬರ್ತಿರ್ನಿಲ್ಲ," ಎಂದು ಇಸಿದುಕೊಂಡೆ. ಮುಂದೆ ಹೀಗಾಗಕೂಡದು ಎಂಬ ಎಚ್ಚರಿಕೆಯಲ್ಲಿ ಅದು ಮುಗಿಯಿತು.

ಗುರುವಾರ ರಾಜಮ್ಮಣಿ ಬಂದಳು. ವೀಸಾ ಆಗಿತ್ತು. ಅಲ್ಲಿಯ ಆಫೀಸರು ಕೇಳಿದ್ದು ಮೂರೇ ಪ್ರಶ್ನೆ: ಏನು ಓದುತ್ತೀಯ, ಖರ್ಚು ಯಾರದು, ಓದಾದ ಮೇಲೆ ಏನು ಮಾಡುತ್ತೀಯ. ನಮ್ಮೂರಲ್ಲಿ ಇನ್ನೂ ಹುಳ ಸಾಯುತ್ತಿವೆ, ವಾಪಸು ಬರುತ್ತೇನೆ ಎಂದಳಂತೆ.

"ಆ ಕವರ ಮುಟ್ಟಿ ಕೂಡ ನೋಡ್ನಿಲ್ಲ ಸಿದ್ದಕ್ಕ," ಎಂದು ನಕ್ಕು ಚೀಲದಿಂದ ತೆಗೆದು ತೋರಿಸಿದಳು. ನೋಡಿದೆ. ಅರಗು ಬಿರುಕು ಬಿಟ್ಟಿರಲಿಲ್ಲ. ಬೂದಿ ಹಾಗೇ ಇತ್ತು.

"ಒಳ್ಗಿಟ್ಕೊ. ನನ್ ಕೈಗೆ ಮಾತ್ರ ಕೊಡ್ಬ್ಯಾಡ," ಎಂದೆ.

ರಿಟೈರ್ ಆಗುವವರೆಗೂ "ನೋಡಿ ಪಡೆದೆ" ಸಹಿ ಹಾಕಿಸುವುದನ್ನು ನಾನು ಬಿಡಲಿಲ್ಲ. ಆದರೆ ಯಾವ ಕವರಿಗೆ ಕೈ ಹಾಕುವ ಮೊದಲೂ ಇದನ್ನು ಒಡೆಯಬೇಕಾದವರು ಯಾರು ಎಂದು ಕೇಳುತ್ತಿದ್ದೆ. ಕೆಲಸ ನನಗೆ ಕಲಿಸಿದ್ದು ಅಷ್ಟೇ. ಹುಡುಗಿ ಅಲ್ಲಿಗೆ ಹೋಗಿ ಸೇರಿದಳು. ಕುಟ್ಟನ್ ಒಲೆಯ ಬೂದಿ ಹತ್ತಿದ ಆ ಕವರನ್ನು ಅಲ್ಲಿ ಯಾವ ಗುಮಾಸ್ತ ಹರಿದನೋ ನನಗೆ ಗೊತ್ತಿಲ್ಲ. ಹರಿಯಬೇಕಾದವನೇ ಹರಿದ.