ತಂತಿ ಹೂವಿನ ಈರಾಚಾರ್ರು

ಈರಾಚಾರ್ರ ಮುಖ ನೋಡಿದರೆ ಎರಡು ಕೆನ್ನೆಯಲ್ಲೂ ಒಂದೊಂದು ನಿಂಬೆಹಣ್ಣು ಅಡಗಿಸಿಕೊಂಡಂತೆ ಇರುತ್ತಿತ್ತು. ಕನಕಪುರದ ನಮ್ಮ ಬೀದಿಯಲ್ಲಿ ಐವತ್ತು ವರ್ಷ ಊದುಗೊಳವೆ ಊದಿದ ಕೆನ್ನೆಗಳು ಅವು. ಎಣ್ಣೆದೀಪದ ಕುಡಿಯನ್ನು ಉಸಿರಿನಲ್ಲೇ ಬಗ್ಗಿಸಿ, ಕೂದಲೆಳೆಯಂಥ ಬೆಳ್ಳಿ ತಂತಿಗಳನ್ನು ಹೂವಾಗಿ ಬೆಸೆಯುತ್ತಿದ್ದರು. ನನ್ನ ಮದುವೆಯ ಜಡೆಬಿಲ್ಲೆ ಅವರ ಕೈಯದೇ. ಇಷ್ಟು ವರ್ಷಕ್ಕೂ ಒಂದೆಳೆಯೂ ಬಿಟ್ಟುಕೊಂಡಿಲ್ಲ.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೂ ಇದನ್ನು ಬರೆಯದಿದ್ದರೆ ಹೊಟ್ಟೆಯೊಳಗಿನ ಖುಷಿ ತಡೆಯಲಾರೆ.

ಆ ಬಿಲ್ಲೆ ನೋಡಿಯೇ ನನ್ನ ಮೊಮ್ಮಗಳು ರಮ್ಯಾ, ಡಿಗ್ರಿ ಮುಗಿಸಿದವಳು, ಈ ಕೆಲಸ ಕಲಿತೇ ತೀರುತ್ತೇನೆಂದು ಹಟ ಹಿಡಿದಳು. ಕರೆದುಕೊಂಡು ಹೋದೆ. ಆಚಾರ್ರು ಕತ್ತೂ ಎತ್ತಲಿಲ್ಲ.

“ಗೌರವ್ವ, ನಮ್ ಮನೆಯೋರೇ ಇದ ಮುಟ್ಲಿಲ್ಲ. ಈ ಮಗೀಗ್ಯಾಕೆ? ಕಣ್ಣೂ ಹೋಯ್ತದೆ, ಕೆನ್ನೆನೂ ಹೋಯ್ತದೆ.”

ರಮ್ಯಾ ಫೋನು ತೆಗೆದು ಒಂದು ವಿಡಿಯೋ ಹಾಕಿ ಅವರ ಮುಂದೆ ಹಿಡಿದಳು. ಪೋರ್ಚುಗಲ್ ಅಂತೆ, ಅಲ್ಲಿಯ ಹೆಂಗಸೊಬ್ಬಳು ತಂತಿ ಕೆಲಸ ಮಾಡುತ್ತಿದ್ದಳು. ಆಚಾರ್ರು ಕನ್ನಡಕ ಒರೆಸಿಕೊಂಡು ಬಗ್ಗಿದರು.

“ಎಲ್ಲಿಯೋಳವ್ವ ಇವ್ಳು? ಎರಡೆಳೆ ಹೊಸೆದು ತಟ್ತಾವ್ಳಲ್ಲ, ನಮ್ಮಪ್ಪ ಹೇಳ್ಕೊಟ್ಟಂಗೇ! ತಂತಿ ಕೆಲ್ಸದಲ್ಲಿ ಕಟಕದೋರೂ ಹಿಂಗೇ, ಕರೀಂನಗರದೋರೂ ಹಿಂಗೇ. ನೋಡು, ಉಸ್ರು ಬಿಗಿ ಹಿಡ್ದವ್ಳೆ. ಮಾತು ಯಾವ್ದಾದ್ರೂ ಆಗ್ಲಿ, ನಮ್ಮೋಳೇ ಕಣವ್ವ!”

ಇನ್ನೆರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಪರಂಗಿ ಎಲೆಯ ದಂಟು ಮುರಿದು ತಂದರು.

“ಚೊಂಬಿನ್ ನೀರ್ಗೆ ಇದ ಇಕ್ಕಿ ಊದು. ಮೂಗಲ್ಲಿ ಉಸ್ರು ಎಳ್ಕೊಳ್ವಾಗ್ಲೂ ಗುಳ್ಳೆ ನಿಲ್ಬಾರ್ದು. ನಿಲ್ದಂಗಾದ್ ದಿನ ಬಾ.”

ಅಲ್ಲಿಂದ ನಮ್ಮ ಮನೆಯಲ್ಲಿ ಮೂರು ಹೊತ್ತೂ ಗುಳುಗುಳು. ಹುಡುಗಿ ಕೆನ್ನೆ ನೋವಿಗೆ ಊಟವೇ ಬೇಡವೆಂದಳು. ಬೀದಿಯಲ್ಲಿ ಹೋಗುತ್ತಿದ್ದ ಆಚಾರ್ರು ಬಾಗಿಲಲ್ಲೇ ನಿಂತು, “ಮುದ್ದೆನ ಯಾರಾದ್ರೂ ಅಗೀತಾರೇನವ್ವ? ನುಂಗು!” ಎಂದು ರೇಗಿಸಿದರು. ತಿಂಗಳಾಗುವಷ್ಟರಲ್ಲಿ ಗುಳ್ಳೆ ನಿಲ್ಲದಂತಾಯಿತು. ನಾನು ಸೆರಗು ಸಿಕ್ಕಿಸಿಕೊಂಡು ಬೀದಿಗೆಲ್ಲಾ ಸಾರಿ ಬಂದೆ.

ಕಷ್ಟ ಶುರುವಾದದ್ದೇ ಆಮೇಲೆ, ಆಚಾರ್ರ ದೀಪದ ಮುಂದೆ ಕೂತ ಮೇಲೆ. ಬೆಸುಗೆ ಕರಗಿ ಎಳೆಗಳ ನಡುವೆ ಹರಿಯುವಾಗ ಒಂದೇ ಒಂದು ಸಲ ಫಳಕ್ಕೆಂದು ಮಿನುಗುತ್ತದೆ. ಅದೇ ಗಳಿಗೆಗೆ ಬೆಂಕಿ ತೆಗೆಯಬೇಕು. ಒಸಿ ತಡವಾದರೂ ಎರಡು ದಿನ ಕೂತು ಸುತ್ತಿದ ಹೂವು ಕರಗಿ ಸಾಸಿವೆ ಕಾಳಾಗುತ್ತದೆ. ರಮ್ಯಾಗೆ ಆ ಮಿನುಗು ಕಾಣುತ್ತಲೇ ಇರಲಿಲ್ಲ. ಆಚಾರ್ರು “ತೆಗಿ!” ಎಂದರೆ ಹೂವು ಉಳಿಯುತ್ತಿತ್ತು, ಅವರು ಹೇಳದಿದ್ದರೆ ಕಾಳು. ಅವಳು ಅತ್ತರೆ, “ಬೆಳ್ಳಿ ಎಲ್ಲಿಗೋಯ್ತು? ಇಲ್ಲೇ ಐತಲ್ಲ. ಕಾಯ್ಸು, ತಟ್ಟು, ತಂತಿ ಎಳಿ” ಎನ್ನುತ್ತಿದ್ದರು.

ಅಷ್ಟರಲ್ಲಿ ಅವರಿಗೇ ಉಬ್ಬಸ ಹತ್ತಿತು. ಗೊಳವೆ ಊದುವುದಿರಲಿ, ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ಇವರು ಹೋಗುವುದರೊಳಗೆ ಇವಳ ಕಣ್ಣಿಗೆ ಆ ಮಿನುಗು ಬೀಳುತ್ತದೋ ಇಲ್ಲವೋ ಎಂದು ನಾನು ದಿನವೂ ಕಬ್ಬಾಳಮ್ಮನಿಗೆ ಕೈ ಮುಗಿಯುತ್ತಿದ್ದೆ.

ಕೊನೆಯ ಸಲ ನೋಡಿದಾಗ ಅವರು ಗೋಡೆಗೆ ದಿಂಬು ಕೊಟ್ಟು ಒರಗಿದ್ದರು. ರಮ್ಯಾ ಊದುತ್ತಿದ್ದಳು. ಹೂವು ಕೆಂಪಗಾಯಿತು. ಆಚಾರ್ರು ತುಟಿ ಬಿಚ್ಚಲಿಲ್ಲ. “ಆಚಾರ್ರೇ!” ಎಂದು ನಾನು ಕೂಗುವುದರಲ್ಲಿದ್ದೆ, ಕೈ ಎತ್ತಿ ನನ್ನನ್ನು ತಡೆದರು. ರಮ್ಯಾ ಫಕ್ಕನೆ ಬೆಂಕಿ ತೆಗೆದಳು. ಹೂವು ಇಡಿಯಾಗಿತ್ತು, ಒಂದೆಸಳೂ ಕರಗಿರಲಿಲ್ಲ.

“ಯಾಕ್ ಸುಮ್ಕಿದ್ರಿ? ಕರಗೋಗಿದ್ರೆ?” ಎಂದೆ.

“ನಾನ್ ಹೇಳ್ತಿರೋ ಗಂಟ ಅವ್ಳು ನನ್ ಬಾಯ್ ನೋಡ್ತಾಳೆ ಗೌರವ್ವ, ಬೆಳ್ಳಿ ನೋಡಾಕಿಲ್ಲ.”

ಅದಾದ ಮೂರನೇ ದಿನ ಅವರು ಹೋದರು.

ತಿಥಿ ಮುಗಿದ ಮಾರನೇ ಬೆಳಿಗ್ಗೆ ಅವರ ಸೊಸೆ ನಮ್ಮ ಬಾಗಿಲಿಗೆ ಬಂದಳು. “ಮಾವನ್ ದೀಪಕ್ಕೆ ಎಣ್ಣೆ ಹಾಕಿಟ್ಟಿವ್ನಿ. ಯಾರ್ ಹಚ್ಬೇಕು ಅಂತ ಅವ್ರು ಹೇಳೇ ಹೋಗವ್ರೆ. ಬಾ ರಮ್ಯಾ.”

ನನ್ನ ಮೊಮ್ಮಗಳು ಚಪ್ಪಲಿಯನ್ನೂ ಮೆಟ್ಟದೆ ಹೊರಟಳು.